ಮದ್ದಿಗೆ ಮಣಿಯದ ಕ್ಷಯವೂ ಬದುಕುಳಿಯುವಿಕೆಯ ಕಾರಣಗಳೂ
(ಯಲಬುರ್ಗಾ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ವಿಚಾರ)

೧

ಇಂದಿನ ಕೊಪ್ಪಳ ಜಿಲ್ಲೆಗೆ ಸೇರಿದ ಯಲಬುರ್ಗಾ ಪಟ್ಟಣವು ಶಾಸನಗಳಲ್ಲಿ ಎರಂಬರಗೆಯೆಂದು ಪ್ರಸಿದ್ಧವಾದುದು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿದ್ದ ಸಿಂದರ ರಾಜಧಾನಿಯಾಗಿದ್ದುದು. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಕಾಳಗದಲ್ಲಿ ಮಡಿದವರ, ದತ್ತಿ ಬಿಟ್ಟವರ, ಗುಡಿ ಕಟ್ಟಿಸಿದವರ ಹೆಸರುಗಳು ಕಲ್ಲಿನ ಮೇಲೆ ದೊರೆಯುತ್ತವೆ. ಕೆಮ್ಮಿ ಕೆಮ್ಮಿ ಸವೆದು ಹೋದವನಿಗೆ ವೀರಗಲ್ಲನ್ನು ನಿಲ್ಲಿಸುವ ವಾಡಿಕೆಯಿರಲಿಲ್ಲ. ಆದಕಾರಣ ಕ್ಷಯದಂತಹ ರೋಗದ ಚರಿತ್ರೆಯನ್ನು ತಿಳಿಯಬೇಕಾದರೆ ಆಸ್ಪತ್ರೆಯ ದಫ್ತರ, ಸಮೀಕ್ಷೆಯ ಪಟ್ಟಿ, ಸಂಶೋಧನಾಲಯದ ವರದಿ ಇವುಗಳನ್ನೇ ಶಾಸನಗಳೆಂದು ಭಾವಿಸಿ ಓದಬೇಕಾಗುತ್ತದೆ.

ಕ್ಷಯದ ಜಾತಿಗಳಲ್ಲೆಲ್ಲ ಇಂದು ಹೆಚ್ಚು ಭಯಂಕರವಾದುದು ಮದ್ದಿಗೆ ಮಣಿಯದ ಕ್ಷಯ. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಾದರೂ ಯಾವ ರೋಗಾಣುವಿನ ಮೇಲೆ ನಡೆಯವೋ ಅದರಿಂದ ಉಂಟಾದ ಕ್ಷಯವನ್ನು ಬಹುಔಷಧನಿರೋಧಕವೆಂದು ವೈದ್ಯರು ಕರೆಯುತ್ತಾರೆ. ಇದು ಬಂದವರಲ್ಲಿ ಒಬ್ಬನು ಬದುಕುತ್ತಾನೆ, ಇನ್ನೊಬ್ಬನು ಸಾಯುತ್ತಾನೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಹೊಸ ಔಷಧ ದೊರೆತವನು ಬದುಕಿದನೆಂಬುದು ಒಂದು. ಗುಳಿಗೆಗಳನ್ನು ನಡುವೆ ಬಿಟ್ಟವನು ತನ್ನ ತಪ್ಪಿನಿಂದಲೇ ಸತ್ತನೆಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯವೆಂದೂ ಎರಡನೆಯದು ದಾಖಲೆಗಳ ಮುಂದೆ ನಿಲ್ಲಲಾರದೆಂದೂ ತೋರಿಸುವುದೇ ಈ ಲೇಖನದ ಉದ್ದೇಶ. ಈ ವಿಚಾರಕ್ಕೆ ಬೇಕಾದ ಪ್ರಮಾಣಗಳಲ್ಲಿ ಬಹುಮುಖ್ಯವಾದವು ಕನ್ನಡ ನಾಡಿನಲ್ಲಿಯೇ ಹುಟ್ಟಿದವೆಂಬುದು ಗಮನಿಸತಕ್ಕ ಮಾತು.

೨

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ರಾಜಯಕ್ಷ್ಮವೆಂದು ಹೇಳುವುದು ಇಂದಿನ ಕ್ಷಯವೇ ಎಂದು ಖಂಡಿತವಾಗಿ ಹೇಳುವುದು ಸರಿಯಲ್ಲ. ಮೈ ಸೊರಗಿಸುವ ಹಲವು ರೋಗಗಳು ಆ ಹೆಸರಿನಲ್ಲಿ ಅಡಗಿರಬಹುದು. ಆದರೂ ಚರಕಸಂಹಿತೆಯು ಶೋಷರೋಗಕ್ಕೆ ಹೇಳುವ ನಾಲ್ಕು ಕಾರಣಗಳು ಪ್ರಕೃತ ವಿಷಯಕ್ಕೆ ಉಪಯುಕ್ತವಾಗಿವೆ. ಶಕ್ತಿಗೆ ಮೀರಿದ ದುಡಿಮೆಯಾದ ಸಾಹಸ, ವೇಗಗಳನ್ನು ತಡೆಯುವ ಸಂಧಾರಣ, ಧಾತುಗಳು ಕುಂದುವ ಕ್ಷಯ, ಹೊತ್ತು ತಪ್ಪಿದ ಹಾಗೂ ಹೊಂದಿಕೆಯಿಲ್ಲದ ಊಟವಾದ ವಿಷಮಾಶನ ಇವೇ ಆ ನಾಲ್ಕು. ರೋಗಾಣುವಿನ ಸುಳಿವೇ ಇಲ್ಲದ ಕಾಲದಲ್ಲಿ ಆ ವೈದ್ಯರು ಕಂಡುದು ರೋಗಿಯ ದುಡಿಮೆಯನ್ನು ಮತ್ತು ಅವನ ಊಟವನ್ನು. ಈ ಎರಡು ಮಾತುಗಳಿಗೆ ನಾವು ಕೊನೆಯಲ್ಲಿ ಮರಳಿ ಬರಬೇಕಾಗುವುದು.

೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖನು ಕ್ಷಯದ ರೋಗಾಣುವನ್ನು ಕಂಡುಹಿಡಿದುದನ್ನು ಸಾರಿದನು. ಕಾರಣವು ತಿಳಿದರೂ ಮದ್ದು ದೊರೆಯಲು ಇನ್ನೂ ಅರವತ್ತು ವರ್ಷಗಳಿಗೆ ಮೇಲೆ ಬೇಕಾದವು. ಆ ನಡುಗಾಲದ ಚಿಕಿತ್ಸೆಯೆಂದರೆ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ೧೯೨೧ರಲ್ಲಿ ಮೈಸೂರಿನಲ್ಲಿ ಕ್ಷಯಾರೋಗ್ಯಧಾಮವು ಸ್ಥಾಪಿತವಾಯಿತು. ಅರಮನೆಯೊಳಕ್ಕೂ ಹೊಕ್ಕ ರೋಗಕ್ಕೆ ಅರಮನೆಯೇ ಕಟ್ಟಿಸಿದ ಈ ಆಸ್ಪತ್ರೆಯು ಆ ಕಾಲದ ಉತ್ತಮ ತಿಳಿವಳಿಕೆಗೆ ನಿದರ್ಶನವಾಗಿದೆ.

ಯಲಬುರ್ಗಾ ಸೀಮೆಯವರಿಗೆ ಮೈಸೂರು ಬೇರೊಂದು ಸಂಸ್ಥಾನ. ಕೊಪ್ಪಳ, ಯಲಬುರ್ಗಾಗಳು ಹೈದರಾಬಾದು ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ಆ ರಾಜ್ಯದ ಕ್ಷಯಾರೋಗ್ಯಧಾಮವಿದ್ದುದು ತೆಲಂಗಾಣದ ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟದಲ್ಲಿ. ಜೋಳದ ಹೊಲದ ಕೂಲಿಯವನು ಅಷ್ಟು ದೂರ ಹೋಗಿ ತಿಂಗಳುಗಟ್ಟಲೆ ಮಲಗುವುದೆಂದರೆ ಮನೆಯವರ ಅನ್ನವನ್ನು ನಿಲ್ಲಿಸಿದಂತೆಯೇ ಸರಿ. ಜಾಗೀರು ೧೯೪೯ರಲ್ಲಿ ರದ್ದಾಯಿತು. ೧೯೫೬ರ ನವೆಂಬರ್ ೧ರಂದು ಈ ಸೀಮೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ೨೦೧೫ರಲ್ಲಿ ಕೊಪ್ಪಳದಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಆಡಳಿತದ ಚರಿತ್ರೆಯಲ್ಲಿ ಇವು ಬರಿಯ ತಾರೀಖುಗಳು. ರೋಗಿಯ ಚರಿತ್ರೆಯಲ್ಲಿಯಾದರೋ ಇವು ಆಸ್ಪತ್ರೆಯ ಬಾಗಿಲಿಗೂ ಅವನ ಮನೆಗೂ ಇದ್ದ ಅಂತರವು ಕ್ರಮವಾಗಿ ಕುಗ್ಗಿದ ಗುರುತುಗಳು.

೩

ಇನ್ನು ಮದ್ದಿನ ಚರಿತ್ರೆಗೆ ಬರೋಣ. ೧೯೪೩ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಇಂಗ್ಲೆಂಡಿನ ವೈದ್ಯಕೀಯ ಸಂಶೋಧನ ಮಂಡಲಿಯು ಅದನ್ನು ೧೦೭ ಮಂದಿ ರೋಗಿಗಳಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ೧೯೪೮ರಲ್ಲಿ ಪ್ರಕಟಿಸಿತು. ಔಷಧವನ್ನು ಪಡೆದ ೫೫ ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು ೪. ವಿಶ್ರಾಂತಿಯೊಂದನ್ನೇ ಪಡೆದ ೫೨ ಮಂದಿಯಲ್ಲಿ ೧೪. ಇಷ್ಟನ್ನೇ ಓದಿದವನು ಕ್ಷಯವನ್ನು ಗೆದ್ದಾಯಿತೆಂದು ಹೇಳುವನು. ಆದರೆ ಅದೇ ರೋಗಿಗಳನ್ನು ಐದು ವರ್ಷ ಕಾದು ನೋಡಿದಾಗ ಮೊದಲ ಗುಂಪಿನಲ್ಲಿ ೩೨ ಮಂದಿಯೂ ಎರಡನೆಯ ಗುಂಪಿನಲ್ಲಿ ೩೫ ಮಂದಿಯೂ ತೀರಿಕೊಂಡಿದ್ದರು. ಆರು ತಿಂಗಳಲ್ಲಿ ಕಂಡ ಮಹದಂತರವು ಐದು ವರ್ಷಗಳಲ್ಲಿ ಬಹುಮಟ್ಟಿಗೆ ಅಳಿಸಿಹೋಯಿತು. ಒಂದೇ ಮದ್ದನ್ನು ಕೊಟ್ಟುದರಿಂದ ಅದಕ್ಕೆ ಬಗ್ಗುವ ರೋಗಾಣುಗಳು ಸತ್ತು, ಬಗ್ಗದವು ಉಳಿದು ಬೆಳೆದುದೇ ಇದಕ್ಕೆ ಮುಖ್ಯವಾದ ಕಾರಣ.

ಈ ಪ್ರಸಂಗದಲ್ಲಿ ಒಂದು ಅಂಶವನ್ನು ವಿಶೇಷವಾಗಿ ನೋಡಬೇಕು. ಈ ರೋಗಿಗಳು ಆಸ್ಪತ್ರೆಯಲ್ಲಿಯೇ ಮಲಗಿದ್ದವರು. ವೈದ್ಯರು ಕೊಟ್ಟ ಮದ್ದನ್ನು ವೈದ್ಯರ ಕಣ್ಣೆದುರಿಗೇ ಪಡೆದವರು. ಅವರಾರೂ ಮದ್ದು ಬಿಟ್ಟು ಓಡಿದವರಲ್ಲ. ಮದ್ದಿಗೆ ಮಣಿಯದ ಕ್ಷಯವು ಮೊತ್ತಮೊದಲು ಕಾಣಿಸಿಕೊಂಡುದು ರೋಗಿಯ ಅಲಕ್ಷ್ಯದಿಂದಲ್ಲ, ಚಿಕಿತ್ಸಾಕ್ರಮದ ಅಪೂರ್ಣತೆಯಿಂದ. ಮುಂದೆ ಪ್ಯಾರಾ ಅಮೈನೊ ಸ್ಯಾಲಿಸಿಲಿಕ್ ಆಮ್ಲವನ್ನು ಸ್ಟ್ರೆಪ್ಟೊಮೈಸಿನ್ನಿನೊಂದಿಗೆ ಜೊತೆಗೂಡಿಸಿ ಕೊಟ್ಟಾಗ ನಿರೋಧವು ಬಹಳ ಕಡಿಮೆಯಾಯಿತೆಂದು ೧೯೫೦ರಲ್ಲಿ ತಿಳಿದುಬಂತು. ೧೯೫೨ರಲ್ಲಿ ಐಸೋನಿಯಜಿಡ್ ಬಳಕೆಗೆ ಬಂತು. ಕ್ಷಯಕ್ಕೆ ಒಂದೇ ಮದ್ದನ್ನು ಎಂದೂ ಕೊಡಕೂಡದೆಂಬ ಸೂತ್ರವು ಹೀಗೆ ಹಲವರ ಪ್ರಾಣವನ್ನು ತೆತ್ತು ಪಡೆದುದಾಗಿದೆ.

೪

೧೯೫೫ ರಿಂದ ೧೯೫೮ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು ಕ್ಷಯವು ಪಟ್ಟಣಗಳಲ್ಲಿರುವಂತೆಯೇ ಹಳ್ಳಿಗಳಲ್ಲಿಯೂ ಇದೆಯೆಂದು ತೋರಿಸಿತು. ಇಷ್ಟು ಮಂದಿಗೆ ಆರೋಗ್ಯಧಾಮಗಳಲ್ಲಿ ಹಾಸಿಗೆಗಳೆಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರವು ಮದರಾಸಿನಿಂದ ಬಂತು. ಅಲ್ಲಿ ೧೯೫೬ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ೧೯೩ ಮಂದಿ ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರ ಮನೆಗಳಲ್ಲಿಯೂ ಇಟ್ಟು ಒಂದು ವರ್ಷ ಒಂದೇ ಬಗೆಯ ಔಷಧಗಳನ್ನು ಕೊಟ್ಟಿತು. ಆರೋಗ್ಯಧಾಮದವರಿಗೆ ಒಳ್ಳೆಯ ಊಟವೂ ವಿಶ್ರಾಂತಿಯೂ ಇದ್ದವು. ಮನೆಯವರಿಗೆ ಎರಡೂ ಕಡಿಮೆ. ಆದರೂ ರೋಗವು ಶಮನವಾದ ಪ್ರಮಾಣದಲ್ಲಿ ಹೇಳಿಕೊಳ್ಳುವ ಭೇದ ಕಾಣಲಿಲ್ಲವೆಂದು ೧೯೫೯ರಲ್ಲಿ ಪ್ರಕಟವಾದ ವರದಿಯು ತಿಳಿಸಿತು. ಅಂದಿನಿಂದ ಆರೋಗ್ಯಧಾಮಗಳ ಯುಗವು ಮುಗಿಯುತ್ತ ಬಂತು. ಅನಂತಗಿರಿಗೆ ಹೋಗಲಾರದಿದ್ದ ಯಲಬುರ್ಗಾದ ರೋಗಿಗೆ ಇದಕ್ಕಿಂತ ದೊಡ್ಡ ಶುಭವಾರ್ತೆಯಿರಲಾರದು.

ಈ ತತ್ತ್ವವನ್ನು ದೇಶಕ್ಕೆಲ್ಲ ಅನ್ವಯಿಸುವ ಕಾರ್ಯವು ಬೆಂಗಳೂರಿಗೆ ಬಂತು. ೧೯೫೯ರಲ್ಲಿ ಸ್ಥಾಪಿತವಾಗಿ, ೧೯೬೦ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರಿಂದ ಉದ್ಘಾಟಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ರೂಪಿಸಿದ ಯೋಜನೆಯ ಮೇರೆಗೆ ೧೯೬೨ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಇದೇ ಸಂಸ್ಥೆಯವರು ೧೯೬೧ ರಿಂದ ೧೯೬೮ರ ವರೆಗೆ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷಿಸಿದರು. ವ್ಯವಸ್ಥಿತವಾದ ಚಿಕಿತ್ಸೆಯು ಆ ಹಳ್ಳಿಗಳನ್ನು ಇನ್ನೂ ಬಹುಮಟ್ಟಿಗೆ ಮುಟ್ಟಿರಲಿಲ್ಲ. ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷಗಳ ಮೇಲೆ ನೂರಕ್ಕೆ ಸುಮಾರು ೪೯ ಮಂದಿ ಸತ್ತಿದ್ದರು; ಸುಮಾರು ೩೩ ಮಂದಿಯ ಕಫವು ತಾನಾಗಿಯೇ ಶುದ್ಧವಾಗಿತ್ತು; ಸುಮಾರು ೧೮ ಮಂದಿ ಬದುಕಿದ್ದೂ ರೋಗಾಣುವನ್ನು ಹೊತ್ತಿದ್ದರು.

೧೯೭೪ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಜಗತ್ತಿನ ಕ್ಷಯತಜ್ಞರೆಲ್ಲ ಅಳತೆಗೋಲಾಗಿ ಹಿಡಿದಿದ್ದಾರೆ. ನಮ್ಮ ವಿಚಾರಕ್ಕೂ ಅದು ಅಳತೆಗೋಲೇ. ಮದ್ದೇ ನಡೆಯದ ಕ್ಷಯವೆಂದರೆ ಮದ್ದೇ ಇಲ್ಲದ ಕಾಲದ ಕ್ಷಯಕ್ಕೆ ಹತ್ತಿರವಾದುದು. ಯಾವ ಮದ್ದೂ ಇಲ್ಲದಾಗ ಮೂವರಲ್ಲೊಬ್ಬನು ತನ್ನ ದೇಹಬಲದಿಂದಲೇ ರೋಗವನ್ನು ಅಡಗಿಸಿದನೆಂಬ ಸಂಗತಿಯನ್ನು ಲಘುವಾಗಿ ಕಾಣಬಾರದು. ಮದ್ದಿನ ಬಲ ಕುಗ್ಗಿದಷ್ಟೂ ದೇಹದ ಬಲಕ್ಕೆ ಬೆಲೆ ಹೆಚ್ಚುತ್ತದೆ.

೫

ಮದ್ದು ಬಿಟ್ಟವನೆಂಬ ಅಪವಾದಕ್ಕೆ ಈಗ ಬರಬಹುದು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಿಂದ ಪತ್ತೆಯಾದ ಕ್ಷಯರೋಗಿಗಳನ್ನು ಸಂದರ್ಶಿಸಿ ೧೯೬೩ರಲ್ಲಿ ವರದಿ ಮಾಡಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಆಗಿನ ನಂಬಿಕೆಯನ್ನು ಆ ವರದಿಯು ಅಲ್ಲಗಳೆಯಿತು. ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿದ್ದರು. ಹೋದವರಿಗೆ ಸಾಮಾನ್ಯವಾಗಿ ದೊರೆತುದು ಕೆಮ್ಮಿನ ಔಷಧದ ಸೀಸೆ. ರೋಗಿಯು ಬಾಗಿಲಿಗೆ ಬಂದಿದ್ದನು. ಒಳಗಿದ್ದವರು ಅವನನ್ನು ಗುರುತಿಸಲಿಲ್ಲ.

ಮುಂದೆ ೧೯೯೨ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಪರಿಶೀಲಿಸಿದವರು ಹಣದ ಕೊರತೆ, ಔಷಧ ಪೂರೈಕೆಯ ಅಡಚಣೆ, ಚಿಕಿತ್ಸೆಯು ಪೂರ್ಣವಾಗದಿರುವುದು ಇವುಗಳನ್ನು ದೋಷಗಳೆಂದು ಎತ್ತಿ ತೋರಿಸಿದರು. ಆಸ್ಪತ್ರೆಯಲ್ಲಿ ಗುಳಿಗೆ ಮುಗಿದು ರೋಗಿಯು ಬರಿಗೈಲಿ ಮರಳಿದರೂ ದಫ್ತರದಲ್ಲಿ ಅವನು ಚಿಕಿತ್ಸೆ ತಪ್ಪಿಸಿದವನೇ. ಇಂತಹವರಿಗೆ ಇಂಗ್ಲಿಷಿನಲ್ಲಿ ಡಿಫಾಲ್ಟರ್ ಎಂಬ ಹೆಸರಿತ್ತು. ಸಾಲ ತೀರಿಸದವನಿಗೂ ಅದೇ ಶಬ್ದವೆಂಬುದನ್ನು ವಾಚಕರು ಗಮನಿಸಬೇಕು. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಪರಿಭಾಷೆಯನ್ನು ತಿದ್ದಿ, ಆ ಶಬ್ದವನ್ನು ಕೈಬಿಟ್ಟು, ಅನುಸರಣೆಗೆ ದೊರೆಯದವರು ಎಂಬರ್ಥದ ಮಾತನ್ನು ಬಳಕೆಗೆ ತಂದಿತು. ಒಂದು ಶಬ್ದವು ಬದಲಾದ ಮಾತ್ರಕ್ಕೆ ರೋಗಿಯು ಬದುಕುವುದಿಲ್ಲ, ನಿಜ. ಆದರೆ ತಪ್ಪಿಸಿದವನೆಂದು ಬರೆದಾಗ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ; ದೊರೆಯದವನೆಂದು ಬರೆದಾಗ ಅವನೆಲ್ಲಿಗೆ ಹೋದ, ಏಕೆ ಹೋದ ಎಂದು ಕೇಳಬೇಕಾಗುತ್ತದೆ.

೨೦೧೪ ರಿಂದ ೨೦೧೬ರ ವರೆಗೆ ನಡೆದ ರಾಷ್ಟ್ರೀಯ ಔಷಧನಿರೋಧ ಸಮೀಕ್ಷೆಯೂ ಇದಕ್ಕೆ ಸಾಕ್ಷಿ. ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ ನೂರಕ್ಕೆ ೧೧.೬೦ ಮಂದಿಯಲ್ಲಿ ಬಹುಔಷಧನಿರೋಧವು ಕಂಡಿತು. ಹೊಸ ರೋಗಿಗಳಲ್ಲಿ ೨.೮೪ ಮಂದಿಯಲ್ಲಿ. ಎರಡನೆಯ ಅಂಕಿಯು ಸಣ್ಣದೆಂದು ತೋರಿದರೂ ಹೊಸ ರೋಗಿಗಳ ಸಂಖ್ಯೆಯು ದೊಡ್ಡದಾದುದರಿಂದ ಒಟ್ಟು ಲೆಕ್ಕದಲ್ಲಿ ಅದು ಸಣ್ಣದಲ್ಲ. ಈ ಹೊಸಬರು ಬಿಡುವುದಕ್ಕೆ ಮದ್ದನ್ನೇ ತೆಗೆದುಕೊಂಡವರಲ್ಲ. ಇನ್ನೊಬ್ಬರ ಕೆಮ್ಮಿನಿಂದ ನಿರೋಧವಿರುವ ರೋಗಾಣುವನ್ನೇ ಪಡೆದವರು. ಅವರ ಸಾವಿಗೆ ಅವರ ತಪ್ಪು ಯಾವುದು?

೬

ಹಾಗಾದರೆ ಬದುಕನ್ನೂ ಸಾವನ್ನೂ ನಿಶ್ಚಯಿಸುವ ಕಾರಣಗಳಾವುವು? ಇದಕ್ಕೆ ದಕ್ಷಿಣ ಆಫ್ರಿಕದ ಎರಡು ವೃತ್ತಾಂತಗಳನ್ನು ಎದುರುಬದುರಾಗಿ ಇಟ್ಟು ನೋಡುವುದು ಲೇಸು. ಆ ದೇಶದ ಟುಗೇಲಾ ಫೆರಿ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಅತಿವಿಸ್ತೃತವಾದ ನಿರೋಧವಿದ್ದ ೫೩ ಮಂದಿಯಲ್ಲಿ ೫೨ ಮಂದಿ ಸತ್ತರೆಂದು ೨೦೦೬ರಲ್ಲಿ ವರದಿಯಾಯಿತು. ಕಫವನ್ನು ತೆಗೆದ ದಿನದಿಂದ ಎಣಿಸಿದರೆ ಅವರ ಆಯುಸ್ಸಿನ ಮಧ್ಯಮಾನವು ೧೬ ದಿನಗಳು. ಅವರಲ್ಲಿ ಎಚ್.ಐ.ವಿ. ಪರೀಕ್ಷೆಯಾದ ೪೪ ಮಂದಿಗೂ ಆ ಸೋಂಕಿತ್ತು. ರೋಗಾಣುವನ್ನು ಬೆಳೆಸಿ ಯಾವ ಮದ್ದಿಗೆ ಬಗ್ಗುವುದೆಂದು ನೋಡಲು ಅಂದು ವಾರಗಳು, ತಿಂಗಳುಗಳು ಬೇಕಾಗಿದ್ದವು. ಪರೀಕ್ಷೆಯ ಫಲವು ಬರುವಷ್ಟರಲ್ಲಿ ರೋಗಿಯೇ ಇರಲಿಲ್ಲ.

ಅದೇ ದೇಶದಲ್ಲಿ ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೋಲಿಡ್ ಎಂಬ ಮೂರು ಔಷಧಗಳನ್ನು ಆರು ತಿಂಗಳು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶವು ೨೦೨೦ರಲ್ಲಿ ಹೊರಬಂತು. ೧೦೯ ಮಂದಿಯಲ್ಲಿ ೯೮ ಮಂದಿಗೆ ಗುಣವಾಯಿತು. ಇವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಎಚ್.ಐ.ವಿ. ಸೋಂಕಿತ್ತು. ಹದಿನಾಲ್ಕು ವರ್ಷಗಳಲ್ಲಿ ಇಂತಹ ಪರಿವರ್ತನೆಯಾದುದನ್ನು ಕಂಡಾಗ ಹೊಸ ಮದ್ದಿನ ಮಹಿಮೆಯನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಪ್ರಯೋಗದ ರೋಗಿಗಳೆಂದರೆ ರೋಗವು ಇಂತಹುದೆಂದು ಗುರುತಾಗಿ, ಮದ್ದು ಕೈಗೆ ಬರುವವರೆಗೆ ಬದುಕಿ, ಕೊನೆಯವರೆಗೆ ನೋಡಿಕೊಳ್ಳಲ್ಪಟ್ಟವರು. ಟುಗೇಲಾ ಫೆರಿಯಲ್ಲಿ ಇಲ್ಲದಿದ್ದುದು ಮದ್ದೊಂದೇ ಅಲ್ಲ, ಸಮಯವೂ ಇರಲಿಲ್ಲ. ಮೊದಲ ಉತ್ತರವು ಅರ್ಧ ಸತ್ಯವೆಂದುದು ಇದಕ್ಕಾಗಿಯೇ.

ನಮ್ಮ ದೇಶದಲ್ಲಿ ಬಹುಔಷಧನಿರೋಧಕ ಕ್ಷಯದ ಸರಕಾರೀ ಚಿಕಿತ್ಸೆಯು ೨೦೦೭ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ ಕ್ರಮವಾಗಿ ಎಲ್ಲೆಡೆ ಹರಡಿತು. ಆ ಹಳೆಯ ಕ್ರಮವು ಎರಡು ವರ್ಷಗಳಷ್ಟು ದೀರ್ಘವಾದುದು. ಮೊದಲ ಆರು ತಿಂಗಳಿಗೆ ಕಡಿಮೆಯಿಲ್ಲದೆ ಕೆನಮೈಸಿನ್ ಸೂಜಿ, ಅದರಿಂದ ಕೆಲವರಿಗೆ ಕಿವುಡು. ಯಲಬುರ್ಗಾ ಸೀಮೆಯು ಮಳೆಯನ್ನೇ ನಂಬಿದ ನಾಡು. ಮಳೆ ಕೈಕೊಟ್ಟ ವರ್ಷ ಮಂದಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುತ್ತಾರೆ. ಎರಡು ವರ್ಷಗಳ ಚಿಕಿತ್ಸೆಯೆಂದರೆ ಎರಡು ಸುಗ್ಗಿ, ಎರಡು ಬೇಸಗೆ. ಗುಳೆ ಹೋಗುವ ಹಂಗಾಮೂ ಎರಡು ಸಲ ಬಂದು ಹೋಗುವುದು. ಒಂದೂರಿನ ದಫ್ತರದಲ್ಲಿ ಹೆಸರಿದ್ದು ಇನ್ನೊಂದೂರಿನಲ್ಲಿ ಕಲ್ಲು ಹೊರುವವನು ಗುಳಿಗೆಯನ್ನು ಎಲ್ಲಿಂದ ತರಬೇಕು? ಆದ್ದರಿಂದ ಚಿಕಿತ್ಸೆಯ ಅವಧಿಯು ಕುಗ್ಗಿದುದನ್ನು ವೈದ್ಯರ ಅನುಕೂಲವೆಂದು ಮಾತ್ರ ತಿಳಿಯಬಾರದು. ಅದು ತಾನೇ ಬದುಕುಳಿಯುವಿಕೆಯ ಒಂದು ಕಾರಣ. ಎರಡು ಗಂಟೆಗಳಲ್ಲಿ ರಿಫಾಂಪಿಸಿನ್ ನಿರೋಧವನ್ನು ತೋರಿಸುವ ಯಂತ್ರವನ್ನು ೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿತು. ೨೦೧೬ರಲ್ಲಿ ಬೆಡಾಕ್ವಿಲಿನ್ ನಮ್ಮ ಕಾರ್ಯಕ್ರಮವನ್ನು ಪ್ರವೇಶಿಸಿತು. ಮೇಲೆ ಹೇಳಿದ ಮೂರು ಔಷಧಗಳಿಗೆ ಮಾಕ್ಸಿಫ್ಲಾಕ್ಸಸಿನ್ನನ್ನು ಸೇರಿಸಿದ ಆರು ತಿಂಗಳ ಕ್ರಮಕ್ಕೆ ೨೦೨೪ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರದ ಅನುಮತಿ ದೊರೆಯಿತು.

೭

ಉಳಿದುದು ಊಟದ ಮಾತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಮಹಾವಿದ್ಯಾಲಯದ ಅನುರಾಗ ಭಾರ್ಗವ, ಮಾಧವಿ ಭಾರ್ಗವ ಮೊದಲಾದವರು ೨೦೧೯ ರಿಂದ ೨೦೨೨ರ ವರೆಗೆ ಝಾರ್ಖಂಡದಲ್ಲಿ ೨,೮೦೦ ಕ್ಷಯರೋಗಿಗಳಿಗೆ ಮದ್ದಿನೊಂದಿಗೆ ದಿನಕ್ಕೆ ಸುಮಾರು ೧,೨೦೦ ಕ್ಯಾಲೊರಿ, ೫೨ ಗ್ರಾಂ ಸಸಾರಜನಕ ದೊರೆಯುವಂತೆ ಆಹಾರಸಾಮಗ್ರಿಯನ್ನು ಒದಗಿಸಿದರು. ೨೦೨೩ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮೊದಲ ಎರಡು ತಿಂಗಳಲ್ಲಿ ಮೈತೂಕವು ನೂರಕ್ಕೆ ೫ರಷ್ಟು ಏರಿದವರಲ್ಲಿ ಸಾವಿನ ಅಪಾಯವು ನೂರಕ್ಕೆ ೬೧ರಷ್ಟು ಕಡಿಮೆಯಾಗಿತ್ತು.

ಇಲ್ಲಿ ಒಂದು ವಿರೋಧವು ತೋರುತ್ತದೆ. ಊಟದ ಭೇದದಿಂದ ಫಲದಲ್ಲಿ ಭೇದವಿಲ್ಲವೆಂದು ಮದರಾಸಿನವರು ಹೇಳಿದ್ದರು. ಮೈತುಂಬಿದವನು ಬದುಕುವನೆಂದು ಮಂಗಳೂರಿನವರು ಹೇಳುತ್ತಾರೆ. ಇವೆರಡನ್ನೂ ಹೀಗೆ ಹೊಂದಿಸಬಹುದೆಂದು ನಮ್ಮ ಮತ. ಮದರಾಸಿನ ಪ್ರಶ್ನೆಯು ಮುಖ್ಯವಾಗಿ ರೋಗಶಮನವನ್ನು ಕುರಿತದ್ದು. ಅಲ್ಲಿ ಮದ್ದು ಎಡೆಬಿಡದೆ ದೊರೆಯಿತು. ಮಂಗಳೂರಿನವರ ಮಾತು ಸಾವನ್ನು ಕುರಿತದ್ದು. ಅವರ ರೋಗಿಗಳು ತೀವ್ರವಾಗಿ ಕೃಶರಾಗಿದ್ದವರು. ಮದ್ದು ಚೆನ್ನಾಗಿ ನಡೆಯುವಾಗ ದೇಹಬಲದ ಪಾತ್ರವು ಮರೆಯಾಗಿರುತ್ತದೆ; ಮದ್ದು ಸೋಲುವಾಗ ಅದು ಎದ್ದು ಕಾಣುತ್ತದೆ. ಝಾರ್ಖಂಡದ ರೋಗಿಗಳಲ್ಲಿ ಹೆಚ್ಚಿನವರಿಗೆ ಇದ್ದುದು ಮದ್ದಿಗೆ ಬಗ್ಗುವ ಕ್ಷಯವೇ ಆದುದರಿಂದ ಆ ಅಂಕಿಗಳನ್ನು ಹಾಗೆಯೇ ನಿರೋಧಕ ಕ್ಷಯಕ್ಕೆ ಹಚ್ಚಲಾಗದು. ಆದರೆ ನಿರೋಧಕ ಕ್ಷಯವನ್ನು ಕುರಿತ ಅಧ್ಯಯನಗಳಲ್ಲಿಯೂ ಕಡಿಮೆ ಮೈತೂಕ, ಎಚ್.ಐ.ವಿ. ಸೋಂಕು, ಎರಡೂ ಪುಪ್ಪುಸಗಳಿಗೆ ಹರಡಿದ ರೋಗ, ನಿರೋಧದ ವಿಸ್ತಾರ, ಚಿಕಿತ್ಸೆಯಲ್ಲಿ ಖಂಡ ಇವೇ ಸಾವಿನ ಸೂಚಕಗಳಾಗಿ ಮತ್ತೆ ಮತ್ತೆ ಕಂಡುಬಂದಿವೆ. ಸರಕಾರವು ೨೦೧೮ರಲ್ಲಿ ಆಹಾರಕ್ಕೆಂದು ರೋಗಿಗೆ ತಿಂಗಳಿಗೆ ೫೦೦ ರೂಪಾಯಿಗಳನ್ನು ಕೊಡತೊಡಗಿ, ೨೦೨೪ರಲ್ಲಿ ಅದನ್ನು ೧,೦೦೦ಕ್ಕೆ ಏರಿಸಿದುದು ಯುಕ್ತವಾದ ಕಾರ್ಯವೇ. ದುಡಿಯುವವನೇ ಮಲಗಿದ ಮನೆಯಲ್ಲಿ ಆ ಹಣದಿಂದ ತಂದ ಜೋಳವು ರೋಗಿಯೊಬ್ಬನ ತಟ್ಟೆಗೇ ಬೀಳುವುದಿಲ್ಲವೆಂಬುದನ್ನೂ ನೆನೆಯಬೇಕು.

೮

ಮೇಲಿನ ವಿಚಾರದಿಂದ ತೇಲುವ ಸಾರಾಂಶವಿಷ್ಟು. ಮದ್ದಿಗೆ ಮಣಿಯದ ಕ್ಷಯದಲ್ಲಿ ಬದುಕುವುದಕ್ಕೆ ನಾಲ್ಕು ಕೂಡಬೇಕು: ರೋಗವು ಬೇಗನೆ ಗುರುತಾಗುವುದು, ತಕ್ಕ ಮದ್ದುಗಳು ಜೊತೆಯಾಗಿ ದೊರೆಯುವುದು, ಅವು ಕೊನೆಯವರೆಗೆ ಕಡಿಯದೆ ನಡೆಯುವುದು, ಅಷ್ಟು ಕಾಲ ತಡೆದು ನಿಲ್ಲಲು ದೇಹಕ್ಕೆ ಅನ್ನವಿರುವುದು. ಇವುಗಳಲ್ಲಿ ಮೂರನೆಯದರಲ್ಲಿ ಮಾತ್ರ ರೋಗಿಯ ಇಚ್ಛೆಗೆ ಸ್ವಲ್ಪ ಸ್ಥಾನವುಂಟು. ಅಲ್ಲಿಯೂ ಗುಳೆ, ಮದ್ದಿನ ಕೊರತೆ, ಸೂಜಿಯ ಬಾಧೆಗಳನ್ನು ಕಳೆದರೆ ಉಳಿಯುವುದು ಅಲ್ಪ. ಸಾಹಸವೆಂದೂ ವಿಷಮಾಶನವೆಂದೂ ಚರಕನು ಹೇಳಿದುದು ಇದನ್ನೇ ಅಲ್ಲವಾದರೂ, ಶಕ್ತಿಗೆ ಮೀರಿದ ದುಡಿಮೆಯನ್ನೂ ಸಾಲದ ಊಟವನ್ನೂ ರೋಗದ ನಿದಾನದೊಳಗೆ ಎಣಿಸಿದ ಅವನ ದೃಷ್ಟಿಯು ಇಂದಿಗೂ ಬಾಳತಕ್ಕುದು.

ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳಗಳ ಆಧುನಿಕ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಶಾಸನಗಳನ್ನು ಓದುವ ಶ್ರದ್ಧೆಯಿಂದಲೇ ತಾಲ್ಲೂಕಿನ ಆಸ್ಪತ್ರೆಗಳ ಕ್ಷಯದಫ್ತರಗಳನ್ನೂ ಓದಬೇಕು. ಹೆಸರುಗಳನ್ನು ಬಿಟ್ಟು ಮಿಕ್ಕುದನ್ನು ಬರೆದುಕೊಳ್ಳಲಿ: ಕೆಮ್ಮು ಹತ್ತಿದ ದಿನಕ್ಕೂ ಪರೀಕ್ಷೆಯ ದಿನಕ್ಕೂ ಎಷ್ಟು ಅಂತರ, ಮೊದಲ ದಿನದ ಮೈತೂಕವೆಷ್ಟು, ಗುಳಿಗೆಯು ನಿಂತ ತಿಂಗಳು ಯಾವುದು, ಆ ತಿಂಗಳು ಊರಿನಲ್ಲಿ ಮಳೆಯಿತ್ತೇ ಕೂಲಿಯಿತ್ತೇ ಎಂಬ ನಾಲ್ಕು ಮಾತುಗಳು. ಎರಂಬರಗೆಯ ನಾಡಿನಲ್ಲಿ ಕಾಳಗದಲ್ಲಿ ಬಿದ್ದವನು ಯಾರಿಗಾಗಿ, ಯಾವ ಊರಿನ ತುರುವಿಗಾಗಿ ಬಿದ್ದನೆಂಬುದನ್ನು ಕಲ್ಲಿನ ಮೇಲೆ ಕೊರೆದರು. ಕ್ಷಯದಿಂದ ಬಿದ್ದವನ ಎದುರಿಗೆ ಚಿಕಿತ್ಸೆ ತಪ್ಪಿಸಿದವನೆಂಬ ಒಂದೇ 
ಶಬ್ದವನ್ನು ಬರೆದು ಪುಟ ಮಗುಚುವುದು ಚರಿತ್ರಕಾರನಿಗೆ ತಕ್ಕುದಲ್ಲ.